ಹಳೇ ಅಂಬಾಸಿಡರ್‌ಗೆ ಹೊಸ ವೈರಿಂಗ್ ಸೆಟ್: ಕೈ ತಪ್ಪುವುದು ಎಲ್ಲಿ?

ಅಂಬಾಸಿಡರ್‌ನ ಮೂಲ ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಸರಣಿ 3. ಹಾಗಾಗಿ ಹಳೇ ಗಾಡಿಗಳ ವೈರಿಂಗ್ ಬಣ್ಣಗಳೂ ಅಲ್ಲಿಯವೇ. ಕಂದು ಎಂದರೆ ಬ್ಯಾಟರಿಯಿಂದ ಸದಾ ಕರೆಂಟ್ ಇರುವ ವೈರ್, ಬಿಳಿ ಇಗ್ನಿಷನ್, ಹಸಿರು ಇಗ್ನಿಷನ್ ಆದಮೇಲೆ ಫ್ಯೂಸ್ ದಾಟಿ ಬಂದದ್ದು, ನೀಲಿ ಹೆಡ್‌ಲೈಟ್, ಕೆಂಪು ಪಾರ್ಕಿಂಗ್ ಮತ್ತು ಹಿಂದಿನ ದೀಪ, ಕಪ್ಪು ಅರ್ತ್ (ಕರೆಂಟ್ ಗಾಡಿಯ ಬಾಡಿ ಮೂಲಕ ಬ್ಯಾಟರಿಗೆ ಮರಳುವ ದಾರಿ). ಇದನ್ನು ಬಾಯಿಪಾಠ ಮಾಡಿಕೊಳ್ಳಿ, ಆದರೆ ಪೂರ್ತಿ ನಂಬಬೇಡಿ. ಇಷ್ಟು ವರ್ಷದಲ್ಲಿ ಯಾರೋ ಕೈಗೆ ಸಿಕ್ಕ ವೈರ್ ಸೇರಿಸಿ ಟೇಪ್ ಸುತ್ತಿರುತ್ತಾರೆ. ಅಂಗಡಿಯ ಹೊಸ ಸೆಟ್ಟಿನಲ್ಲೂ ಬಣ್ಣ ಬೇರೆ ಇರಬಹುದು. ಮಲ್ಟಿಮೀಟರ್‌ನಲ್ಲಿ ಎರಡೂ ತುದಿಗೆ ಕಂಟಿನ್ಯೂಟಿ (ಒಂದೇ ವೈರ್ ತುಂಡಾಗದೆ ಸೇರಿದೆಯೇ ಎಂದು) ನೋಡಿಯೇ ಚೀಟಿ ಅಂಟಿಸಿ.

ಬ್ಯಾಟರಿಯಲ್ಲಿ ಮೊದಲು ಬಿಚ್ಚುವುದು ಅರ್ತ್ ಕೇಬಲ್. ಇನ್ನೊಂದನ್ನು ಮೊದಲು ಬಿಚ್ಚಹೋಗಿ ಸ್ಪ್ಯಾನರ್ ಬಾಡಿಗೆ ತಗುಲಿದರೆ ನೇರ ಶಾರ್ಟ್. ಫೋಟೊ ತೆಗೆದು, ಹಳೇ ಸೆಟ್ಟನ್ನು ಕತ್ತರಿಸದೆ ಇಡಿಯಾಗಿ ಹೊರತೆಗೆಯಿರಿ. ಎಳೆಯುವ ಮುಂಚೆ ತುದಿಗೆ ಗಟ್ಟಿ ದಾರ ಕಟ್ಟಿದರೆ, ಹೊಸದನ್ನು ಅದೇ ದಾರಿಯಲ್ಲಿ ಎಳೆದು ತರಬಹುದು. ಎರಡನ್ನೂ ನೆಲದ ಮೇಲೆ ಪಕ್ಕಪಕ್ಕ ಹಾಸಿ ಉದ್ದ, ಕವಲು, ಟರ್ಮಿನಲ್ ಹೋಲಿಸಿ. ಕಡಿಮೆ ಬಿದ್ದದ್ದು ಗಾಡಿಯೊಳಗೆ ಗೊತ್ತಾದರೆ ಅರ್ಧ ದಿನ ಹಾಳು. ತಗಡಿನ ತೂತು ದಾಟುವಲ್ಲೆಲ್ಲ ಹೊಸ ರಬ್ಬರ್ ಗ್ರಾಮೆಟ್ (ವೈರ್ ಅಂಚಿಗೆ ಉಜ್ಜದಂತೆ ತಡೆಯುವ ಬಳೆ) ಹಾಕಿ.

ಇನ್ನು ವೈರಿನ ದಪ್ಪ. ಹೆಡ್‌ಲೈಟಿಗೆ 60 ವಾಟ್‌ನ ಎರಡು ಹ್ಯಾಲೋಜನ್ ಬಲ್ಬ್ ಹಾಕಿದರೆ 12 ವೋಲ್ಟ್‌ನಲ್ಲಿ 10 ಆಂಪಿಯರ್. 4 ಮೀಟರ್ ಉದ್ದದ 1.5 ಚದರ ಮಿ.ಮೀ. ತಾಮ್ರದ ವೈರಿನಲ್ಲೇ ಸುಮಾರು 0.47 ವೋಲ್ಟ್ ಹೋಗುತ್ತದೆ, 2.5 ಆದರೆ 0.28. ವೋಲ್ಟೇಜ್ ಶೇ. 10 ಇಳಿದರೆ ಬೆಳಕು ಸುಮಾರು ಶೇ. 30 ಇಳಿಯುತ್ತದೆ, ಅದಕ್ಕೇ ಈ ಲೆಕ್ಕ. ರಿಲೇ (ಸ್ವಿಚ್ಚಿನ ಸಣ್ಣ ಕರೆಂಟಿನಿಂದ ದೀಪದ ದೊಡ್ಡ ಕರೆಂಟನ್ನು ಹಾಕಿ ಆರಿಸುವ ಸಾಧನ) ಹಾಕಿದರೆ ಸ್ವಿಚ್ಚೂ ಉಳಿಯುತ್ತದೆ. ಅದರ ಮೇಲೆ ಬರೆದ ಪಿನ್ ನಂಬರಿನಂತೆ 30ಕ್ಕೆ ಬ್ಯಾಟರಿ, 87ಕ್ಕೆ ದೀಪ, 86ಕ್ಕೆ ಸ್ವಿಚ್ಚಿನ ವೈರ್, 85ಕ್ಕೆ ಅರ್ತ್. ಬ್ರಿಟಿಷ್ ಪದ್ಧತಿಯ ಎರಡು ಫ್ಯೂಸಿನ ಪೆಟ್ಟಿಗೆಯಲ್ಲಿ ಹೆಡ್‌ಲೈಟಿಗೆ ಫ್ಯೂಸೇ ಇಲ್ಲ. ಒಂದು ಕಡೆ ಸವೆದರೆ ಇಡೀ ಸೆಟ್ ಸುಡುವುದು ಇದರಿಂದಲೇ. ರಿಲೇಗೆ ಬರುವ ವೈರಿಗೆ ಬ್ಯಾಟರಿಯ ಹತ್ತಿರವೇ 15 ಆಂಪಿಯರ್ ಫ್ಯೂಸ್ ಹಾಕಿ.

ತುದಿಗಳಿಗೆ ಕ್ರಿಂಪ್ ಮಾಡಿದ (ಇಕ್ಕಳದಿಂದ ಒತ್ತಿ ಕೂರಿಸಿದ) ಲಗ್ಗೇ, ಅಂದರೆ ಲೋಹದ ತುದಿಯೇ ಸರಿ. ಬೆಸುಗೆ ಹಾಕಿದರೆ ಸೀಸ ಎಳೆಗಳೊಳಗೆ ಹರಿದು ವೈರ್ ಕಡ್ಡಿಯಂತಾಗುತ್ತದೆ, ಗಾಡಿಯ ನಡುಕಕ್ಕೆ ಆ ಅಂಚಿನಲ್ಲೇ ತುಂಡಾಗುತ್ತದೆ. ಅರ್ತ್ ಕೂರುವ ಜಾಗದ ಪೇಂಟ್ ಕೆರೆದು, ಹೊಳೆಯುವ ತಗಡಿನ ಮೇಲೆ ಲಗ್ ಮತ್ತು ಸ್ಟಾರ್ ವಾಷರ್ ಬಿಗಿದು, ಮೇಲೆ ವ್ಯಾಸ್‌ಲಿನ್ ಸವರಿ.

ಮೊದಲ ಸಲ ಕರೆಂಟ್ ಕೊಡುವಾಗ ಅರ್ತ್ ಕೇಬಲ್ಲನ್ನು ನೇರ ಕೂರಿಸಬೇಡಿ. ಎಲ್ಲ ಸ್ವಿಚ್ ಆಫ್ ಮಾಡಿ, ಕೇಬಲ್ಲಿಗೂ ಬ್ಯಾಟರಿ ಕಂಬಕ್ಕೂ ನಡುವೆ 21 ವಾಟ್‌ನ ಬ್ರೇಕ್ ಬಲ್ಬ್ ಸೇರಿಸಿ. ಬಲ್ಬ್ ಪೂರ್ತಿ ಬೆಳಗಿದರೆ ಎಲ್ಲೋ ಶಾರ್ಟ್ ಇದೆ. ಆದರೂ ಹರಿಯುವುದು 2 ಆಂಪಿಯರ್‌ಗಿಂತ ಕಡಿಮೆ, ವೈರ್ ಸುಡುವುದಿಲ್ಲ. ಒಂದೊಂದೇ ಕನೆಕ್ಟರ್ ಕಳಚುತ್ತ ಹೋಗಿ, ಯಾವುದನ್ನು ಕಿತ್ತಾಗ ಬಲ್ಬ್ ಆರುತ್ತದೋ ಶಾರ್ಟ್ ಆ ಕವಲಿನಲ್ಲಿದೆ.

ಇಂಡಿಕೇಟರ್ ಹಾಕಿದಾಗ ಹಿಂದಿನ ದೀಪವೂ ಜೊತೆಗೆ ಮಿಣುಕಿದರೆ ಬಲ್ಬ್ ಬದಲಿಸುತ್ತ ಕೂರಬೇಡಿ, ಅದು ಆ ದೀಪದ ಅರ್ತ್ ತೊಂದರೆ. ದೀಪ ಉರಿಯುವಾಗ ಅದರ ಅರ್ತ್‌ಗೂ ಬ್ಯಾಟರಿಯ ಅರ್ತ್ ಕಂಬಕ್ಕೂ ಮೀಟರ್ ಇಡಿ, 0.2 ವೋಲ್ಟ್ ದಾಟಿದರೆ ಮತ್ತೆ ಕೆರೆಯಿರಿ. ಕೊನೆಗೆ ಹತ್ತು ನಿಮಿಷ ಹೆಡ್‌ಲೈಟ್ ಹಾಕಿಟ್ಟು ಪ್ರತಿ ಜೋಡಣೆಯನ್ನೂ ಬೆರಳಿನಿಂದ ಮುಟ್ಟಿ ನೋಡಿ. ಬಿಸಿಯಾದದ್ದನ್ನು ಕತ್ತರಿಸಿ ಹೊಸ ಲಗ್ ಹಾಕಿ.