ಅಂಧ ಮಕ್ಕಳಿಗೆ ಗಣಿತ ದೂರವಾದದ್ದು ಹೇಗೆ?

ಗದಗಿನ ವೀರೇಶ್ವರ ಪುಣ್ಯಾಶ್ರಮದ ದೆಸೆಯಿಂದ ನಮ್ಮ ಭಾಗದಲ್ಲಿ ಅಂಧ ಮಗು ಎಂದರೆ ಮೊದಲು ನೆನಪಾಗುವುದು ಸಂಗೀತ. ತಬಲಾ ಕಲಿಯುವ ಹುಡುಗ 16 ಮಾತ್ರೆಯ ತೀನ್‌ತಾಲವನ್ನು ತಿಗುಣ್‌ನಲ್ಲಿ ಅಂದರೆ ಮೂರು ಪಟ್ಟು ವೇಗದಲ್ಲಿ ನುಡಿಸಿದರೆ ಒಂದು ಆವರ್ತನ ಐದೂ ಮೂರನೇ ಒಂದು ಮಾತ್ರೆಯಲ್ಲಿ ಮುಗಿಯುತ್ತದೆ. ಎಲ್ಲಿ ಎತ್ತಿಕೊಂಡರೆ ಸರಿಯಾಗಿ ಸಮ್‌ಗೆ (ತಾಳದ ಮೊದಲ ಮಾತ್ರೆಗೆ) ಬರಬಹುದು ಎಂಬ ಲೆಕ್ಕ ಅವನ ತಲೆಯಲ್ಲೇ ನಡೆಯುತ್ತದೆ. ಇದು ಭಿನ್ನರಾಶಿಯೇ ಅಲ್ವಾ? ಆದರೂ ಎಸ್ಸೆಸ್ಸೆಲ್ಸಿ ಹತ್ತಿರ ಬಂದಾಗ ಇಂಥ ಮಕ್ಕಳಿಗೆ ಹೇಳುವ ಮಾತು ಒಂದೇ: ಗಣಿತ, ವಿಜ್ಞಾನ ಬಿಡು, ಬದಲಿ ವಿಷಯ ತಗೋ.

ತೊಡಕು ಇರುವುದು ಲೆಕ್ಕದಲ್ಲಲ್ಲ, ಅದನ್ನು ಬರೆಯುವುದರಲ್ಲಿ. ಲೂಯಿ ಬ್ರೈಲ್ 1824ರ ಹೊತ್ತಿಗೆ ರೂಪಿಸಿದ ಆರು ಚುಕ್ಕಿಗಳಿಂದ 63 ಗುರುತು ಮಾತ್ರ ಮಾಡಬಹುದು. ಓದು ಒಂದೇ ಸಾಲಿನಲ್ಲಿ ಸಾಗುತ್ತದೆ. ಗಣಿತ ಹಾಗಲ್ಲ, ಮೇಲೆ ಘಾತ, ಕೆಳಗೆ ಛೇದ. ನಮ್ಮ ಶಾಲೆಗಳಲ್ಲಿ ಅದಕ್ಕೆ ಬಂದದ್ದು ಟೇಲರ್ ಫ್ರೇಮ್. ಹಲಗೆಯ ತುಂಬ ಎಂಟು ಮೂಲೆಯ ತೂತುಗಳು, ಅವುಗಳಲ್ಲಿ ನಿಲ್ಲಿಸುವ ಪುಟ್ಟ ಲೋಹದ ಅಚ್ಚುಗಳು. ಅಚ್ಚಿನ ಒಂದು ತುದಿಯಲ್ಲಿ ಗೆರೆ, ಇನ್ನೊಂದರಲ್ಲಿ ಎರಡು ಮೊನೆ. ಒಂದೊಂದು ತುದಿಯನ್ನೂ ಎಂಟು ದಿಕ್ಕಿಗೆ ತಿರುಗಿಸಿದರೆ 16 ಗುರುತು. ಕೂಡಿ ಕಳೆಯಲು ಬಹಳ ಒಳ್ಳೆಯದು. ಆದರೆ ಹಾಕಿದ ಲೆಕ್ಕ ಪುಸ್ತಕದಲ್ಲಿ ಉಳಿಯುವುದಿಲ್ಲ. ಮುಂದಿನ ಲೆಕ್ಕಕ್ಕೆ ಎಲ್ಲ ಕಿತ್ತು ಮತ್ತೆ ಜೋಡಿಸಬೇಕು.

ಅಮೆರಿಕದ ಅಬ್ರಹಾಂ ನೆಮೆತ್ ಹುಟ್ಟು ಅಂಧ. ಗಣಿತ ಬೇಡ ಎಂದವರ ಮಾತು ಕೇಳಿ ಮೊದಲು ಮನಶ್ಶಾಸ್ತ್ರ ಓದಿದರು. ಆಮೇಲೆ ಗಣಿತಕ್ಕೇ ಬಂದು, ಪ್ರೊಫೆಸರೂ ಆದರು. ಭಿನ್ನರಾಶಿ, ಘಾತ, ವರ್ಗಮೂಲ ಎಲ್ಲವನ್ನೂ ಒಂದೇ ಸಾಲಿನಲ್ಲಿ ಬರೆಯುವ ಬ್ರೈಲ್ ಸಂಕೇತವನ್ನು ತಮಗಾಗಿಯೇ ಕಟ್ಟಿಕೊಂಡರು. 1952ರಲ್ಲಿ ಅದು ಪ್ರಕಟವಾಯಿತು.

ಕಿವಿಯ ದಾರಿ ತೆರೆದದ್ದು ತಡವಾಗಿ. ‘ಎ ಪ್ಲಸ್ ಬಿ ಬೈ ಸಿ’ ಎಂದರೆ ಸಿ ಇರುವುದು ಬಿ ಕೆಳಗೆ ಮಾತ್ರವೋ, ಎರಡರ ಕೆಳಗೂವೋ? ಕೇಳಿದವರಿಗೆ ತಿಳಿಯುವುದಿಲ್ಲ. ಬೋರ್ಡಿನ ಮುಂದೆ ‘ಇದನ್ನ ಅಲ್ಲಿಗೆ ತಗೊಂಡು ಹೋಗಿ’ ಎಂದರಂತೂ ಮುಗಿಯಿತು. ಪುಣೆಯಲ್ಲಿ ಹುಟ್ಟಿ, 14ನೇ ವಯಸ್ಸಿಗೆ ದೃಷ್ಟಿ ಕಳೆದುಕೊಂಡ ಟಿ.ವಿ. ರಾಮನ್ 1994ರ ಪಿಎಚ್‌ಡಿಯಲ್ಲಿ ಇದನ್ನೇ ಹಿಡಿದರು. ಅವರ ತಂತ್ರಾಂಶ ಘಾತ ಬಂದಾಗ ದನಿ ಏರಿಸಿ ಓದುತ್ತಿತ್ತು. 1998ರಲ್ಲಿ ವೆಬ್‌ಗೆ ಗಣಿತದ ಸೂತ್ರ ಬರೆಯುವ ಭಾಷೆ ಮ್ಯಾಥ್‌ಎಂಎಲ್ ಬಂತು. ಹಾಗೆ ಬರೆದ ಸೂತ್ರವನ್ನು ಇವತ್ತು ಉಚಿತವಾಗಿ ಸಿಗುವ, ಕಂಪ್ಯೂಟರ್ ತೆರೆಯ ಮೇಲಿರುವುದನ್ನು ದನಿಯಲ್ಲಿ ಓದಿ ಹೇಳುವ ತಂತ್ರಾಂಶ ಎನ್‌ವಿಡಿಎ ಓದಿಸಬಲ್ಲದು. ಸೂತ್ರವನ್ನು ಸುಮ್ನೆ ಚಿತ್ರವಾಗಿ ಅಂಟಿಸಿದ್ದರೆ ಮಾತ್ರ ಅದಕ್ಕೆ ಏನೂ ಸಿಗುವುದಿಲ್ಲ.

ಪರೀಕ್ಷೆಯದು ಇನ್ನೊಂದು ಕಥೆ. ಉತ್ತರ ಬರೆದುಕೊಡುವವರು ಸಾಮಾನ್ಯವಾಗಿ ಕೆಳಗಿನ ತರಗತಿಯವರು. ಸೈನ್ ಥೀಟಾ ಎಂದರೆ ಅವರೇ ಪೆನ್ನು ನಿಲ್ಲಿಸುತ್ತಾರೆ.

ಗಣಿತ ಬಿಡಲು ವಿನಾಯಿತಿ ಕೊಟ್ಟವರ ಮನಸ್ಸು ಒಳ್ಳೆಯದೇ ಇರಬಹುದು. ಆದರೆ ಹತ್ತನೇ ತರಗತಿಯಲ್ಲಿ ಗಣಿತ ಬಿಟ್ಟ ಮಗುವಿಗೆ ಪಿಯುಸಿ ಸೈನ್ಸ್ ಅಲ್ಲಿಗೇ ಮುಗಿಯಿತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 17ನೇ ಕಲಂ ವಿನಾಯಿತಿಯ ಮಾತಾಡುವುದು ಎರಡನೇ, ಮೂರನೇ ಭಾಷೆಯ ಬಗ್ಗೆ. ನಿಗದಿತ ಪ್ರಮಾಣದ ಅಂಗವೈಕಲ್ಯ ಇರುವ ಮಕ್ಕಳಿಗೆ 18 ವರ್ಷದವರೆಗೆ ಪುಸ್ತಕ, ಕಲಿಕೆಯ ಸಾಮಗ್ರಿ, ಸಲಕರಣೆಗಳನ್ನು ಉಚಿತವಾಗಿ ಕೊಡಬೇಕು ಎಂದೂ ಅದೇ ಕಲಂ ಹೇಳುತ್ತದೆ. ಹಾವೇರಿಯ ಹಳ್ಳಿಯಲ್ಲಿರುವ ತಂದೆ ತಾಯಿ ಇದನ್ನು ಬಿಇಒ ಕಚೇರಿಯಲ್ಲಿ ಧೈರ್ಯವಾಗಿ ಕೇಳಬಹುದು. ಮಗು ಮೂರನೇ ನಾಲ್ಕನೇ ತರಗತಿಯಲ್ಲಿ ಇರುವಾಗಲೇ ಕೇಳಬೇಕು.