ಗಂಡ ಕಾಣೆ, ಜಮೀನು ಲಾಕ್: ಜಾಫ್ನಾ ಯುದ್ಧದ ಸಿವಿಲ್ ಕೇಸು

ಸಿವಿಲ್ ಪ್ರಾಕ್ಟೀಸ್ ಮಾಡೋರಿಗೆ ಗೊತ್ತು, ಮನೆಯಿಂದ ಹೋದವನು ಪತ್ತೆನೇ ಇಲ್ಲ ಅಂದ್ರೆ ಪೌತಿ ಖಾತೆ, ಅಂದ್ರೆ ಸತ್ತವರ ಜಮೀನು ವಾರಸುದಾರರ ಹೆಸರಿಗೆ ಮಾಡ್ಸೋದು ಎಷ್ಟು ತಲೆನೋವು ಅಂತ. ಏಳು ವರ್ಷ ಕಾಯಿರಿ, ಆಮೇಲೆ ಡಿಕ್ರಿ ತನ್ನಿ ಅಂತಾರೆ. ಶ್ರೀಲಂಕಾದಲ್ಲಿ 1983ರಿಂದ 2009ರವರೆಗೆ ಸರ್ಕಾರಕ್ಕೂ ಪ್ರತ್ಯೇಕ ತಮಿಳು ದೇಶ ಕೇಳ್ತಿದ್ದ ಎಲ್‌ಟಿಟಿಇಗೂ ನಡೆದ ಯುದ್ಧದಲ್ಲಿ ಹಿಂಗೆ ಕಾಣೆಯಾದವರು ಸಾವಿರಾರು ಜನ, ಅವರ ಹೆಂಡತಿಯರ ಪಾಡು ಯೋಚನೆ ಮಾಡಿ.

ಶ್ರೀಲಂಕಾದ ಉತ್ತರ ತುದಿಯ ಜಾಫ್ನಾ ತಮಿಳರಿಗೆ ತೇಸವಳಮೈ ಅಂತ ಅವರದ್ದೇ ಕಾನೂನಿದೆ, ಡಚ್ಚರ ಕಾಲದಲ್ಲಿ ಬರೆಸಿದ್ದು. ಅದರಲ್ಲಿ ಮಗಳಿಗೆ ವರದಕ್ಷಿಣೆಯಾಗಿ ಮನೆ, ಜಮೀನು ಕೊಡ್ತಾರೆ, ಆಸ್ತಿ ಅವಳ ಹೆಸರಲ್ಲೇ ಇರುತ್ತೆ, ಅಲ್ಲಿವರೆಗೂ ನಮಗಿಂತ ವಾಸಿನೇ. ಆದ್ರೆ ಮಾರಬೇಕು ಅಂದ್ರೆ ಗಂಡನ ಲಿಖಿತ ಒಪ್ಪಿಗೆ ಬೇಕು! ಗಂಡ ಸತ್ತಿದ್ರೆ ಸರಿ, ಕಾಣೆಯಾಗಿದ್ರೆ? ಮನೆ ನಡೆಸೋಳು ಅವಳು, ಸಾಲ ತೀರಿಸೋಳು ಅವಳು, ಸ್ವಂತ ಜಮೀನು ಮಾರೋಕೆ ಮಾತ್ರ ಕೋರ್ಟಿಗೆ ಹೋಗಿ ಪರ್ಮಿಷನ್ ತರಬೇಕು.

2010ರಲ್ಲಿ ಸರ್ಕಾರ ಒಂದು ಕಾಯ್ದೆ ಮಾಡ್ತು, ಒಂದು ವರ್ಷಕ್ಕಿಂತ ಜಾಸ್ತಿ ಕಾಣೆಯಾಗಿದ್ರೆ ಡೆತ್ ಸರ್ಟಿಫಿಕೇಟ್ ತಗೋಬಹುದು ಅಂತ. ವಕೀಲನಾಗಿ ನನಗೆ ಇದು ಒಳ್ಳೇ ದಾರಿ ಅನ್ಸುತ್ತೆ, ಆದ್ರೆ ಬಹಳಷ್ಟು ಹೆಂಗಸರು ಬೇಡ ಅಂದ್ರು. ಆರ್ಮಿ ಕೈಗೆ ನಾವೇ ಒಪ್ಪಿಸಿದವನನ್ನ ಸತ್ತ ಅಂತ ನಾವೇ ಸಹಿ ಹಾಕಿದ್ರೆ ಆಮೇಲೆ ಅವನೆಲ್ಲಿ ಅಂತ ಯಾರನ್ನ ಕೇಳೋದು ಅನ್ನೋದು ಅವರ ಪ್ರಶ್ನೆ. ಕೊನೆಗೆ 2016ರಲ್ಲಿ ಸತ್ತ ಅನ್ನದೆ ಬರೀ ಕಾಣೆಯಾಗಿದ್ದಾನೆ ಅಂತ ಕೊಡೋ ಸರ್ಟಿಫಿಕೇಟ್ ಬಂತು. 2017ರಿಂದ ಕಿಳಿನೊಚ್ಚಿ, ವವುನಿಯಾ ಕಡೆ ರಸ್ತೆ ಪಕ್ಕ ಫೋಟೋ ಹಿಡ್ಕೊಂಡು ಧರಣಿ ಕೂತವರೂ ಇಂಥ ತಾಯಂದಿರು, ಹೆಂಡತಿಯರೇ, ಅವರಲ್ಲಿ ಎಷ್ಟೋ ಜನ ಅದಕ್ಕೂ ಮುಂಚೆ ರಾಜಕೀಯದ ಹತ್ರನೂ ಸುಳಿದವರಲ್ಲ.

ಇನ್ನೊಂದು, ಡೀಲಿಮಿಟೇಷನ್ (ಜನಸಂಖ್ಯೆ ನೋಡಿ ಸೀಟು ಮತ್ತೆ ಹಂಚೋದು) ಅಂದ್ರೆ ಬೆಚ್ಚಿಬೀಳೋ ನಾವು ನೋಡಲೇಬೇಕಾದ್ದು. ಅಲ್ಲಿ ಜಿಲ್ಲೆಗೆ ಎಷ್ಟು ಎಂಪಿ ಸೀಟು ಅನ್ನೋದು ಮತದಾರರ ಪಟ್ಟಿ ನೋಡಿ ತೀರ್ಮಾನ ಆಗುತ್ತೆ. ಜನ ಕೆನಡಾ, ಲಂಡನ್, ಚೆನ್ನೈ ಸೇರಿದ್ರು, ಪಟ್ಟಿ ಕರಗ್ತಾ ಬಂತು, 2010ರಲ್ಲಿ 9 ಇದ್ದ ಜಾಫ್ನಾ ಸೀಟು 2015ಕ್ಕೆ 7, 2024ಕ್ಕೆ 6. ಪ್ರತ್ಯೇಕ ದೇಶ ಕೇಳೋಕೆ ಹೋಗಿ ಶ್ರೀಲಂಕಾ ಪಾರ್ಲಿಮೆಂಟಿನಲ್ಲಿ ಇದ್ದ ಸೀಟುಗಳೂ ಕಮ್ಮಿ ಆದ್ವು. ಆ ಆರರಲ್ಲಿ ಮೂರು ಗೆದ್ದಿದ್ದು ಜೆವಿಪಿ ಅನ್ನೋ ಎಡಪಂಥೀಯ ಪಕ್ಷದ ಮುಂದಾಳತ್ವದ ಎನ್‌ಪಿಪಿ ಮೈತ್ರಿಕೂಟ, ತಮಿಳರಿಗೆ ಪ್ರಾಂತ್ಯ ಸರ್ಕಾರ ಕೊಡೋ 1987ರ ಭಾರತ-ಶ್ರೀಲಂಕಾ ಒಪ್ಪಂದದ ವಿರುದ್ಧ ಬಂದೂಕು ಹಿಡಿದಿದ್ದ ಅದೇ ಜೆವಿಪಿ!