ಎನ್‌ಕ್ಲೋಶರ್ ಒಳಗಿನ ಚಿಪ್ ಅಸಲಿಯೋ ನಕಲಿಯೋ?

ಹಾರ್ಡ್ ಡಿಸ್ಕನ್ನೋ ಎಸ್‌ಎಸ್‌ಡಿಯನ್ನೋ ಯುಎಸ್‌ಬಿ ಎನ್‌ಕ್ಲೋಶರಿಗೆ, ಅಂದರೆ ಹೊರಗಿನಿಂದ ಜೋಡಿಸುವ ಡಬ್ಬಿಗೆ, ಹಾಕಿದಾಗ ಡಿಸ್ಕಿನ ಸಾಟಾ ಸಂಪರ್ಕ ಮತ್ತು ಕಂಪ್ಯೂಟರಿನ ಯುಎಸ್‌ಬಿ ನಡುವೆ ದುಭಾಷಿಯ ಕೆಲಸ ಮಾಡುವುದು ಬ್ರಿಡ್ಜ್ ಚಿಪ್. ದೊಡ್ಡ ಫೈಲ್ ಕಾಪಿಯಾಗುತ್ತಿರುವಾಗ ಡ್ರೈವ್ ಇದ್ದಕ್ಕಿದ್ದಂತೆ ಮಾಯವಾದರೆ ಮೊದಲ ಅನುಮಾನ ಈ ಚಿಪ್ ಮೇಲೆಯೇ. ಆದರೆ ಅದಕ್ಕೆ ನಕಲಿ, ಅಂದರೆ ಬೇರೆ ಚಿಪ್ಪಿನ ಹೆಸರು ಹೊತ್ತದ್ದು, ಎಂಬ ಹಣೆಪಟ್ಟಿ ಕಟ್ಟುವ ಮುನ್ನ ಕರೆಂಟ್ ಮತ್ತು ಕೇಬಲ್ ನೋಡಬೇಕು.

ಯುಎಸ್‌ಬಿ 2 ಪೋರ್ಟ್ ಕೊಡುವುದು 500 ಮಿಲಿಆಂಪಿಯರ್, ಯುಎಸ್‌ಬಿ 3 ಆದರೆ 900. 2.5 ಇಂಚಿನ ಹಾರ್ಡ್ ಡಿಸ್ಕ್ ತಿರುಗಲು ಶುರುಮಾಡುವ ಗಳಿಗೆಯಲ್ಲಿ 1 ಆಂಪಿಯರ್ ಆಸುಪಾಸು ಎಳೆಯಬಲ್ಲದು. ಹಬ್ ಇದ್ದರೆ ತೆಗೆಯಿರಿ, ಗಿಡ್ಡ ಕೇಬಲ್ ಹಾಕಿ. ಆಮೇಲೆ ಡಿಸ್ಕಿನ ಸ್ಮಾರ್ಟ್ ವರದಿ, ಅಂದರೆ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ದಾಖಲೆ, ತೆಗೆದು ನೋಡಿ. 197 ಸಂಖ್ಯೆಯ ಸಾಲು, ಅಂದರೆ ಓದಲಾಗದೆ ಬಾಕಿ ಉಳಿದ ಸೆಕ್ಟರುಗಳು (ಡೇಟಾ ಇಡುವ ಪುಟ್ಟ ತುಣುಕುಗಳು), ಏರುತ್ತಿದ್ದರೆ ಡಿಸ್ಕೇ ಕೆಡುತ್ತಿದೆ. 199 ಸಂಖ್ಯೆಯ ಸಾಲಿನ ಸಿಆರ್‌ಸಿ ದೋಷಗಳು, ಅಂದರೆ ದಾರಿಯಲ್ಲಿ ಡೇಟಾ ಕೆಟ್ಟ ಲೆಕ್ಕ, ಏರುತ್ತಿದ್ದರೆ ಡಿಸ್ಕ್ ಮತ್ತು ಬ್ರಿಡ್ಜ್ ನಡುವಿನ ಕನೆಕ್ಟರೋ ಬೋರ್ಡೋ ಸರಿಯಿಲ್ಲ.

ಇನ್ನು ಚಿಪ್ ಹೇಳಿಕೊಳ್ಳುವ ಗುರುತು, ಅಂದರೆ ತಯಾರಕರ ಸಂಖ್ಯೆ. ಲಿನಕ್ಸ್‌ನಲ್ಲಿ ಎಲ್‌ಎಸ್‌ಯುಎಸ್‌ಬಿ (lsusb) ಆಜ್ಞೆ, ವಿಂಡೋಸ್‌ನಲ್ಲಿ ಡಿವೈಸ್ ಮ್ಯಾನೇಜರ್ ಇದನ್ನು ತೋರಿಸುತ್ತವೆ: 152ಡಿ ಎಂದರೆ ಜೆಮೈಕ್ರಾನ್, 174ಸಿ ಎಂದರೆ ಎಎಸ್‌ಮೀಡಿಯಾ, 0ಬಿಡಿಎ ಎಂದರೆ ರಿಯಲ್‌ಟೆಕ್. ಈ ಸಂಖ್ಯೆ ಅನೇಕ ಬೋರ್ಡುಗಳಲ್ಲಿ ಪಕ್ಕದ ಪುಟ್ಟ ಫ್ಲ್ಯಾಶ್ ಮೆಮೊರಿಯಲ್ಲಿರುತ್ತದೆ, ಅದನ್ನು ತಿದ್ದಿ ಬರೆಯುವುದು ಕಷ್ಟವಲ್ಲ. ಹಾಗಾಗಿ ಸಂಖ್ಯೆ ಚಿಪ್ ಮೇಲಿನ ಹೆಸರಿಗೆ ಹೊಂದಿದರೆ ಏನೂ ಸಾಬೀತಾಗುವುದಿಲ್ಲ. ಹೊಂದದಿದ್ದರೆ ಮಾತ್ರ ಸುಳಿವು ಸಿಕ್ಕಂತೆ. ಸೀರಿಯಲ್ ನಂಬರ್ 0, 1, 2, 3 ಎಂದು ಸಾಲಾಗಿದ್ದರೆ ಅದು ತಯಾರಕರ ಸೋಮಾರಿತನವೇ ಹೊರತು ನಕಲಿಯ ಪುರಾವೆ ಅಲ್ಲ.

ಹೆಸರು ಬದಲಿಸಬಹುದು, ನಡತೆ ಬದಲಿಸುವುದು ಕಷ್ಟ. ಲಿನಕ್ಸ್‌ನ ಅದೇ ಆಜ್ಞೆಗೆ ‘-t’ ಸೇರಿಸಿದರೆ ವೇಗ ಸೆಕೆಂಡಿಗೆ 5000 ಮೆಗಾಬಿಟ್ (ಯುಎಸ್‌ಬಿ 3) ಇದೆಯೋ 480 (ಯುಎಸ್‌ಬಿ 2) ಇದೆಯೋ, ಚಾಲಕ ತಂತ್ರಾಂಶ (ಡ್ರೈವರ್) ಹೊಸ, ವೇಗದ ಯುಎಎಸ್ ಆಗಿದೆಯೋ ಹಳೆಯ ಯುಎಸ್‌ಬಿ-ಸ್ಟೋರೇಜ್ ಆಗಿದೆಯೋ ಗೊತ್ತಾಗುತ್ತದೆ. ಯುಎಎಸ್ ಇಲ್ಲ ಎಂದಾಕ್ಷಣ ತೀರ್ಪು ಕೊಡಬೇಡಿ: ಕಾಟ ಕೊಡುವ ಕೆಲವು ಅಸಲಿ ಚಿಪ್‌ಗಳಿಗೂ ಲಿನಕ್ಸ್ ತಾನೇ ಯುಎಎಸ್ ಬಂದ್ ಮಾಡುತ್ತದೆ.

ನಿಜ ಬಯಲಾಗುವುದು ದೊಡ್ಡ ಡಿಸ್ಕ್ ಹಾಕಿದಾಗ. ಹಳೆಯ ಚಿಪ್‌ಗಳು ಸೆಕ್ಟರ್ ಸಂಖ್ಯೆಯನ್ನು 32 ಬಿಟ್‌ಗಳಲ್ಲಿ ಎಣಿಸುತ್ತವೆ. 512 ಬೈಟಿನ ಸೆಕ್ಟರಾದರೆ ಸುಮಾರು 2.2 ಟಿಬಿಗೆ ಲೆಕ್ಕ ಮುಗಿದು ಮತ್ತೆ ಸೊನ್ನೆಯಿಂದ ಶುರು. 3 ಟಿಬಿ ಡಿಸ್ಕ್ 746 ಜಿಬಿ ಎಂದು ತೋರುವುದು ಇದೇ ಕಾರಣಕ್ಕೆ. ಹೊಸ ಮಾಡೆಲ್ ಹೆಸರು ಹೊತ್ತ ಚಿಪ್ ಹೀಗೆ ಮಾಡಿದರೆ, ಹಳೆಯದರ ಮೇಲೆ ಹೊಸ ಹೆಸರು ಕೊರೆದಿರುವ ಸಾಧ್ಯತೆ ಬಲವಾಗಿದೆ. ಅದಕ್ಕಿಂತ ಅಪಾಯದ್ದು, ಗಾತ್ರ ಸರಿಯಾಗಿ ತೋರಿಸಿ, ಗಡಿ ದಾಟಿದ ಡೇಟಾವನ್ನು ತೆಪ್ಪಗೆ ಡಿಸ್ಕಿನ ಆರಂಭದ ಮೇಲೆ ಬರೆಯುವ ಬೋರ್ಡು. ಖಾಲಿ ಡಿಸ್ಕ್ ಹಾಕಿ, ಎಫ್3ರೈಟ್ (f3write) ಎಂಬ ಪರೀಕ್ಷಾ ತಂತ್ರಾಂಶದಿಂದ ಪೂರ್ತಿ ತುಂಬಿಸಿ, ಅದರ ಜೋಡಿ ಎಫ್3ರೀಡ್‌ನಿಂದ (f3read) ವಾಪಸ್ ಓದಿಸಿದರೆ ಸಿಕ್ಕಿಬೀಳುತ್ತದೆ.

ಬೋರ್ಡ್ ಬಿಚ್ಚಿದರೆ ಮೊದಲು ಚಿಪ್ಪಿನ ಪಿನ್ ಎಣಿಸಿ ಡೇಟಾಶೀಟಿನೊಂದಿಗೆ, ಅಂದರೆ ತಯಾರಕರ ವಿವರಪತ್ರದೊಂದಿಗೆ, ತಾಳೆ ನೋಡಿ. ಇದಕ್ಕಿಂತ ಗಟ್ಟಿ ಸಾಕ್ಷ್ಯ ಕಡಿಮೆ. ನಂತರ ಒಂದನೇ ಪಿನ್ ತೋರಿಸುವ ಕುಳಿ. ಮೇಲ್ಮೈ ಉಜ್ಜಿ ಕಪ್ಪು ಲೇಪ ಬಳಿದಿದ್ದರೆ ಕುಳಿ ಅರ್ಧ ಮುಚ್ಚಿರುತ್ತದೆ, ಅಂಚಿನ ಮತ್ತು ಮೇಲ್ಭಾಗದ ತರಿ ಬೇರೆಬೇರೆಯಾಗಿ ಕಾಣುತ್ತದೆ. ಹತ್ತಿಕಡ್ಡಿಗೆ ಅಸಿಟೋನ್ ಹಚ್ಚಿ ಒರೆಸಿ: ಕಪ್ಪು ಬಣ್ಣ ಹತ್ತಿಗೆ ಹತ್ತಿದರೆ ಅನುಮಾನ ಪಕ್ಕಾ. ಹತ್ತದಿದ್ದರೆ ನಿರಾಳವಾಗಬೇಡಿ, ಅಸಿಟೋನಿಗೆ ಜಗ್ಗದ ಲೇಪಗಳೂ ಇವೆ. ಪ್ಲಾಸ್ಟಿಕ್ ಕನೆಕ್ಟರಿಗೆ ಅಸಿಟೋನ್ ತಾಗಿಸಬೇಡಿ.

ನಕಲಿ ಎಂದು ಖಚಿತವಾದರೆ ಎಲ್ಲಿಂದಲೋ ಫರ್ಮ್‌ವೇರ್ (ಚಿಪ್ಪನ್ನು ನಡೆಸುವ ಒಳಗಿನ ತಂತ್ರಾಂಶ) ತಂದು ತುಂಬುವ ಸಾಹಸ ಬೇಡ. ತಪ್ಪು ಫರ್ಮ್‌ವೇರ್ ತುಂಬಿದರೆ ಈಗ ಅಷ್ಟಿಷ್ಟು ನಡೆಯುವ ಬೋರ್ಡೂ ಸತ್ತುಹೋಗುತ್ತದೆ. ಎನ್‌ಕ್ಲೋಶರನ್ನೇ ಬದಲಿಸಿ, ಆದರೆ ಡೇಟಾವನ್ನು ಮೊದಲೇ ಬೇರೆಡೆ ಕಾಪಿ ಮಾಡಿಕೊಳ್ಳಿ. ಕೆಲವು ಬ್ರಿಡ್ಜ್‌ಗಳು 512 ಬೈಟಿನ ಸೆಕ್ಟರನ್ನು 4096 ಎಂದು ತೋರಿಸುತ್ತವೆ, ಇನ್ನು ಕೆಲವು ಡೇಟಾವನ್ನು ಗೂಢಲಿಪಿಯಲ್ಲಿ ಬರೆಯುತ್ತವೆ. ಅಂಥ ಡಿಸ್ಕ್ ಹೊಸ ಬೋರ್ಡಿನಲ್ಲಿ ಖಾಲಿಯಂತೆ ಕಂಡು, ಫಾರ್ಮ್ಯಾಟ್ ಮಾಡಲೇ ಎಂದು ಕಂಪ್ಯೂಟರ್ ಕೇಳುತ್ತದೆ. ಆಗ ಬೇಡ ಎಂದು ಒತ್ತಿ, ಹಳೆಯ ಬೋರ್ಡಿಗೇ ಮರಳಿಸಿ ಡೇಟಾ ತೆಗೆದುಕೊಳ್ಳಿ.